ಲಸಿಕೆಯ ಮೊದಲ ತಿಂಗಳುಗಳಲ್ಲಿ ರೋಗಿಗಳ ಎಣಿಕೆ

ಕ್ರಿ. ಶ. 2020ನೆಯ ಇಸವಿ ಮಾರ್ಚಿ 11ನೆಯ ತಾರೀಖಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಕೋವಿಡ್ ರೋಗವನ್ನು ಜಗದ್ವ್ಯಾಪಿಯಾದ ಪಿಡುಗೆಂದು ಸಾರಿದರು. ಅದೇ ವರುಷ ಡಿಸೆಂಬರ್ 8ನೆಯ ದಿನ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ತೊಂಬತ್ತು ವರುಷದ ವೃದ್ಧೆಯೊಬ್ಬರಿಗೆ, ಪ್ರಯೋಗಗಳ ಹೊರಗೆ ಮೊದಲನೆಯ ಸಲ, ಫೈಜರ್ ಕಂಪನಿಯ ಲಸಿಕೆಯನ್ನು ಚುಚ್ಚಿದರು. ಈ ಎರಡು ದಿನಗಳ ನಡುವಣ ಒಂಬತ್ತು ತಿಂಗಳಲ್ಲಿ ಪ್ರಪಂಚದ ಜನರೆಲ್ಲರೂ ಒಂದು ಹೊಸ ಅಭ್ಯಾಸಕ್ಕೆ ಒಳಗಾದರು. ಯುಗಾದಿಯಲ್ಲಿ ಒಮ್ಮೆ ಮಾಡುವ ಪಂಚಾಂಗ ಶ್ರವಣವನ್ನು ದಿನವೂ ಮಾಡುವವರಂತೆ, ಸಂಜೆಯಾಗುತ್ತಲೇ ಇಂದು ಎಷ್ಟು ಮಂದಿಗೆ ರೋಗ ತಗುಲಿತು, ಎಷ್ಟು ಮಂದಿ ತೀರಿಕೊಂಡರು ಎಂಬುದನ್ನು ಕೇಳಿ ತಿಳಿಯುತ್ತಿದ್ದರು. ಲಸಿಕೆಯು ಬಂದಮೇಲೆ ಈ ಸಂಖ್ಯೆಗಳನ್ನು ಕುರಿತು ಕೇಳುವ ಪ್ರಶ್ನೆಯೇ ಬೇರೆಯಾಯಿತು. ಅಲ್ಲಿಯವರೆಗೆ 'ಎಷ್ಟು?' ಎಂದು ಕೇಳಿದರೆ ಸಾಕಾಗಿತ್ತು. ಇನ್ನು ಮೇಲೆ 'ಇಳಿಯಿತೆ? ಇಳಿದಿದ್ದರೆ ಲಸಿಕೆಯಿಂದಲೇ ಇಳಿಯಿತೆ?' ಎಂದು ಕೇಳಬೇಕಾಯಿತು. ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ಹೊರಗಿನಿಂದ ಕಾಣುವುದಕ್ಕಿಂತ ಬಹಳ ಕಷ್ಟವಾದುದು. ಆ ಕಷ್ಟವೇನು, ಅದನ್ನು ಯಾವ ಉಪಾಯಗಳಿಂದ ದಾಟಿದರು ಎಂಬುದನ್ನು ಇಲ್ಲಿ ವಿಚಾರಿಸಿದೆ.

ಸಾಹಿತ್ಯವನ್ನೂ ಶಾಸನಗಳನ್ನೂ ವ್ಯಾಸಂಗ ಮಾಡುವವರ ಪತ್ರಿಕೆಯಲ್ಲಿ ವೈದ್ಯಗಣಿತಕ್ಕೆ ಎಡೆಯೇನು ಎಂದು ಕೆಲವರು ಕೇಳಬಹುದು. ಸಂಖ್ಯೆಯೂ ಒಂದು ಲಿಖಿತವೇ. ಅದಕ್ಕೂ ಬರೆದವನಿದ್ದಾನೆ, ನಕಲು ಮಾಡಿದವನಿದ್ದಾನೆ, ಕೈತಪ್ಪಿನಿಂದ ಬಿಟ್ಟುಹೋದ ಸಾಲುಗಳಿವೆ, ಪಾಠಾಂತರಗಳಿವೆ. ಆ ಲಿಖಿತವನ್ನು ತಪ್ಪಾಗಿ ಓದಿದರೆ ಆಗುವ ನಷ್ಟ ಮಾತ್ರ ನಮ್ಮ ವ್ಯಾಸಂಗದಲ್ಲಿ ಆಗುವುದಕ್ಕಿಂತ ಹೆಚ್ಚಿನದು. ಸಾಲದೆ ಬಂದಿದ್ದ ಲಸಿಕೆಯನ್ನು ಮೊದಲು ಯಾರಿಗೆ ಕೊಡಬೇಕು, ಮುಚ್ಚಿದ ಶಾಲೆಗಳನ್ನೂ ಅಂಗಡಿಗಳನ್ನೂ ಯಾವಾಗ ತೆರೆಯಬೇಕು ಎಂಬ ತೀರ್ಮಾನಗಳೆಲ್ಲವೂ ಆ ಓದಿನ ಮೇಲೆ ನಿಂತಿದ್ದುವು.

ಮೊದಲು ಸಂಖ್ಯೆಯ ಸ್ವರೂಪವನ್ನು ನೋಡೋಣ. 'ಇಂದು ಹತ್ತು ಸಾವಿರ ಮಂದಿಗೆ ರೋಗ' ಎಂದು ಪ್ರಕಟವಾದರೆ ಅದರ ಅರ್ಥ ಇಂದು ಹತ್ತು ಸಾವಿರ ಮಂದಿಗೆ ಸೋಂಕು ತಗುಲಿತೆಂದಲ್ಲ. ಪರೀಕ್ಷೆಗೆ ಬಂದವರಲ್ಲಿ ಹತ್ತು ಸಾವಿರ ಮಂದಿಯ ಫಲಿತಾಂಶವು ಇಂದು ಕಚೇರಿಯನ್ನು ಮುಟ್ಟಿತೆಂದು ಮಾತ್ರ. ರೈಸ್ ಸಾಹೇಬರು ಪ್ರಾರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಬಳಸಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದುದಿಲ್ಲ. ಒಂದು ತಾಲ್ಲೂಕಿನಲ್ಲಿ ಹೆಚ್ಚು ಶಾಸನಗಳು ದೊರೆತಿದ್ದರೆ ಅಲ್ಲಿ ಹೆಚ್ಚು ಶಾಸನಗಳನ್ನು ಕೆತ್ತಿದರೆಂದು ನಾವು ಒಮ್ಮೆಗೇ ಹೇಳುವುದಿಲ್ಲ. ಅಲ್ಲಿ ಕಲ್ಲುಗಳು ಉಳಿದಿರಬಹುದು. ಹುಡುಕಿದವರು ಹೆಚ್ಚು ಶ್ರಮಪಟ್ಟಿರಬಹುದು. ರೋಗಿಗಳ ಎಣಿಕೆಯೂ ಹಾಗೆಯೇ. 2020ನೆಯ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರದವರು ಜನರ ರಕ್ತವನ್ನೂ ಗಂಟಲ ದ್ರವವನ್ನೂ ಪರೀಕ್ಷಿಸುವ ಒಂದು ಸಮೀಕ್ಷೆಯನ್ನು ನಡೆಸಿದರು. ಅದರ ಪ್ರಕಾರ ರಾಜ್ಯದ 7.07 ಕೋಟಿ ಜನರಲ್ಲಿ ಸುಮಾರು 1.93 ಕೋಟಿ ಮಂದಿಗೆ, ಎಂದರೆ ಶೇಕಡ 27.3ರಷ್ಟು ಜನಕ್ಕೆ, ಆ ವೇಳೆಗೆ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು. ಆ ತಿಂಗಳ ನಡುವಿನಲ್ಲಿ ಸರ್ಕಾರದ ಪಟ್ಟಿಯಲ್ಲಿದ್ದ ರೋಗಿಗಳ ಸಂಖ್ಯೆಯಾದರೋ ಐದು ಲಕ್ಷವನ್ನು ಕೂಡ ಮುಟ್ಟಿರಲಿಲ್ಲ. ಪಟ್ಟಿಗೆ ಹತ್ತಿದ ಒಬ್ಬನ ಹಿಂದೆ ಸುಮಾರು ನಲವತ್ತು ಮಂದಿ ಇದ್ದರೆಂದಾಯಿತು.

ಸಂಖ್ಯೆಯು ಕಡಮೆಯಾಗಿದ್ದರೂ ಒಂದೇ ಪ್ರಮಾಣದಲ್ಲಿ ಕಡಮೆಯಾಗಿದ್ದರೆ ಏರಿಳಿತವನ್ನು ತಿಳಿಯುವುದಕ್ಕೆ ಅಡ್ಡಿಯಿಲ್ಲ. ಆ ಪ್ರಮಾಣವು ನಿಲ್ಲದೆ ಓಡಾಡುವುದೇ ತೊಂದರೆ. ಹೆಚ್ಚು ಪರೀಕ್ಷೆ ಮಾಡಿದ ವಾರದಲ್ಲಿ ರೋಗ ಹೆಚ್ಚಿದಂತೆ ತೋರುವುದು. ರಜೆಯ ದಿನದಲ್ಲಿ ಇಳಿದಂತೆ ತೋರುವುದು. ಏಳು ದಿನಗಳ ಸರಾಸರಿಯನ್ನು ತೆಗೆಯುವ ಪದ್ಧತಿ ಬಂದುದು ಈ ಕಾರಣದಿಂದ. ನೂರು ಪರೀಕ್ಷೆಗಳಲ್ಲಿ ಎಷ್ಟು ಮಂದಿಗೆ ರೋಗವಿದೆಯೆಂದು ಹೊರಟಿತು ಎಂಬ ಪ್ರಮಾಣವನ್ನು ಪಕ್ಕದಲ್ಲಿಟ್ಟು ನೋಡುವುದೂ ಇದೇ ಕಾರಣದಿಂದ. ಇವೆರಡೂ ಒಟ್ಟಿಗೆ ಇಳಿದರೆ ಇಳಿತವನ್ನು ನಂಬಬಹುದು. ಪಟ್ಟಿಯ ಸಂಖ್ಯೆ ಇಳಿದು ಈ ಪ್ರಮಾಣ ಏರಿದರೆ, ಹುಡುಕುವವರು ದಣಿದರೆಂದು ತಿಳಿಯಬೇಕು.

ಲಕ್ಷಣವಾಕ್ಯವನ್ನು ಬದಲಿಸಿದರೆ ಸಂಖ್ಯೆಯೂ ಬದಲಾಗುವುದೆಂಬುದಕ್ಕೆ ಬ್ರಿಟನ್ನಿನಲ್ಲಿ ಒಳ್ಳೆಯ ಉದಾಹರಣೆಯಿದೆ. ಒಮ್ಮೆ ರೋಗವಿದೆಯೆಂದು ಹೊರಟ ಮೇಲೆ ಎಷ್ಟು ದಿನಗಳಾದಮೇಲೆ ಸತ್ತರೂ ಆ ಸಾವನ್ನು ಕೋವಿಡ್ ಲೆಕ್ಕಕ್ಕೆ ಸೇರಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಮೊದಲು ಇತ್ತು. 2020ನೆಯ ಆಗಸ್ಟ್ 12ರಲ್ಲಿ, ಪರೀಕ್ಷೆಯಾದ 28 ದಿನಗಳೊಳಗೆ ಸತ್ತವರನ್ನು ಮಾತ್ರ ಎಣಿಸತಕ್ಕದ್ದೆಂದು ಗೊತ್ತುಮಾಡಿದರು. ಇಡೀ ಬ್ರಿಟನ್ನಿನ ಮೊತ್ತವು ಆ ಒಂದೇ ದಿನದಲ್ಲಿ 46,706ರಿಂದ 41,329ಕ್ಕೆ ಇಳಿಯಿತು. ಸತ್ತವರಾರೂ ಎದ್ದುಬರಲಿಲ್ಲ. ಲಿಪಿಕಾರದೋಷಕ್ಕೂ ಅದೇ ದೇಶದಲ್ಲಿ ದೃಷ್ಟಾಂತವುಂಟು. ಆ ವರುಷ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ವರೆಗೆ 15,841 ರೋಗಿಗಳ ಹೆಸರುಗಳು ಇಂಗ್ಲೆಂಡಿನ ಲೆಕ್ಕದಿಂದ ಬಿಟ್ಟುಹೋಗಿದ್ದುವು. ಪ್ರಯೋಗಾಲಯಗಳ ಪಟ್ಟಿಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ಇಳಿಸಿಕೊಳ್ಳುತ್ತಿದ್ದರಂತೆ. ಅದರಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸದು. ಓಲೆ ಮುಗಿದುದರಿಂದ ಕಾವ್ಯದ ಕೊನೆಯ ಪದ್ಯಗಳು ಬಿಟ್ಟುಹೋದ ಪ್ರತಿಗಳನ್ನು ನೋಡಿದವರಿಗೆ ಇದು ಹೊಸತಲ್ಲ.

ಇದಿಷ್ಟೂ ಲಸಿಕೆ ಬರುವುದಕ್ಕೆ ಮೊದಲೇ ಇದ್ದ ತೊಡಕು. ಲಸಿಕೆಯು ಬಂದಮೇಲೆ ಇನ್ನೊಂದು ತೊಡಕು ಸೇರಿತು. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಾಂಕ್ರಾಮಿಕ ರೋಗವು ಏರಿ ತಾನಾಗಿಯೇ ಇಳಿಯುವುದುಂಟು. ಇಂಗ್ಲೆಂಡಿನ ವಿಲಿಯಂ ಫಾರ್ ಎಂಬ ಪಂಡಿತರು 1837ರಿಂದ 1839ರ ವರೆಗಿನ ಸಿಡುಬಿನ ಸಾವುಗಳನ್ನು ಲೆಕ್ಕಹಾಕಿ, ಆ ಏರಿಳಿತದಲ್ಲಿ ಒಂದು ಕ್ರಮವಿದೆಯೆಂದು 1840ರಲ್ಲಿ ತೋರಿಸಿದರು. 1866ರಲ್ಲಿ ದನಗಳ ಪಿಡುಗು ದೇಶವನ್ನೆಲ್ಲ ಹೆದರಿಸುತ್ತಿದ್ದಾಗ ಅದು ಬೇಗನೆ ಇಳಿಯುವುದೆಂದು ಅವರು ಪತ್ರಿಕೆಗೆ ಬರೆದರು, ಇಳಿಯಿತು. ಹಾಗಾದರೆ ಲಸಿಕೆ ಹಾಕಿದ ಮೇಲೆ ರೋಗ ಇಳಿಯಿತೆಂಬ ಮಾತ್ರದಿಂದ ಲಸಿಕೆಯೇ ಕಾರಣವೆಂದು ಹೇಳುವುದು ಕಾಕತಾಲೀಯವಾಗಬಹುದು. ಏರಿದ್ದರೆ ಲಸಿಕೆಯೇ ಅನರ್ಥಕ್ಕೆ ಕಾರಣವೆನ್ನುವುದೂ ಅಷ್ಟೇ ನಿರಾಧಾರವಾದುದು. 'ಮುಂಚೆ', 'ಆಮೇಲೆ' ಎಂಬ ಹೋಲಿಕೆ ಸಾಲದು. ಒಂದೇ ಕಾಲದಲ್ಲಿ, ಒಂದೇ ಅಪಾಯದ ನಡುವೆ, ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು.

ಈ ತತ್ತ್ವವನ್ನು ನಮ್ಮ ದೇಶದಲ್ಲಿಯೇ, ನಮ್ಮ ನಾಡಿನಲ್ಲಿಯೇ, ಬಹು ಹಿಂದೆ ಪರೀಕ್ಷಿಸಿದ್ದರೆಂಬುದನ್ನು ಅನೇಕರು ಮರೆತಿದ್ದಾರೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಹಾಫ್ಕಿನ್ ಎಂಬ ವಿಜ್ಞಾನಿಗಳು ಅಲ್ಲಿ ಲಸಿಕೆಯೊಂದನ್ನು ಸಿದ್ಧಪಡಿಸಿ 1897ನೆಯ ಜನವರಿ 10ರಲ್ಲಿ ಮೊದಲು ತಮಗೇ ಚುಚ್ಚಿಸಿಕೊಂಡರು. ಆ ತಿಂಗಳ ಕೊನೆಯಲ್ಲಿ ಬಾಯ್ಕಳದ ಸೆರೆಮನೆಯಲ್ಲಿ ರೋಗ ಕಾಣಿಸಿಕೊಂಡಾಗ ಬಂದಿಗಳಲ್ಲಿ ಸುಮಾರು ಅರ್ಧ ಮಂದಿ ಒಪ್ಪಿ ಲಸಿಕೆ ಪಡೆದರು. ಒಂದೇ ಛಾವಣಿ, ಒಂದೇ ಅನ್ನ, ಒಂದೇ ನೀರು. ಆದುದರಿಂದ ಹೋಲಿಕೆಗೆ ಸೆರೆಮನೆಯು ಒಳ್ಳೆಯ ಸ್ಥಳವಾಯಿತು. ಅದಕ್ಕಿಂತಲೂ ತೃಪ್ತಿಕರವಾದುದು 1898ನೆಯ ಫೆಬ್ರವರಿಯಲ್ಲಿ ಬರೋಡ ಸಂಸ್ಥಾನದ ಉಂಡೇರಾ ಎಂಬ ಗ್ರಾಮದಲ್ಲಿ ನಡೆದ ಪರೀಕ್ಷೆ. ಅಲ್ಲಿ ಒಂದೊಂದು ಮನೆಯಲ್ಲಿಯೂ ಅರ್ಧ ಜನಕ್ಕೆ ಲಸಿಕೆ ಹಾಕಿ ಅರ್ಧ ಜನವನ್ನು ಹಾಗೆಯೇ ಬಿಟ್ಟರು. ಆಮೇಲೆ ರೋಗ ಬಂದ ಮನೆಗಳನ್ನು ಎಣಿಸಿದಾಗ, ಲಸಿಕೆ ಪಡೆದ 71 ಮಂದಿಯಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತಿದ್ದರು; ಪಡೆಯದ 64 ಮಂದಿಯಲ್ಲಿ 27 ಮಂದಿಗೆ ಬಂದು 26 ಮಂದಿ ಸತ್ತಿದ್ದರು. ಸಂಖ್ಯೆಗಳು ಚಿಕ್ಕವು, ಆದರೆ ಗಂಡಸು, ಹೆಂಗಸು, ಮಕ್ಕಳು ಎಲ್ಲರೂ ಎರಡು ಕಡೆಗಳಲ್ಲಿಯೂ ಇದ್ದರು, ಒಂದೇ ಮನೆಯ ಇಲಿಗಳ ನಡುವೆ ಇದ್ದರು. ಹೀಗೆ ಹಂಚುವುದು ಸರಿಯೆ ಎಂಬ ಧರ್ಮಪ್ರಶ್ನೆಯು ಇಂದಿನ ಓದುಗನ ಮನಸ್ಸಿಗೆ ಬಾರದೆ ಹೋಗದು.

ಪೋರ್ತುಗೀಸರ ದಮನಿನಲ್ಲಿ 1897ರಲ್ಲಿ ದೊರೆತ ಲೆಕ್ಕವು ನೋಡುವುದಕ್ಕೆ ಇನ್ನೂ ದೊಡ್ಡದು. ಲಸಿಕೆ ಪಡೆದ 2,197 ಮಂದಿಯಲ್ಲಿ 36 ಮಂದಿಯೂ, ಪಡೆಯದ 6,033 ಮಂದಿಯಲ್ಲಿ 1,482 ಮಂದಿಯೂ ತೀರಿಕೊಂಡರು, ಶೇಕಡ 1.6 ಒಂದು ಕಡೆ, 24.6 ಇನ್ನೊಂದು ಕಡೆ. ಆದರೂ ನನ್ನ ಮನಸ್ಸಿಗೆ ಉಂಡೇರಾದ 135 ಮಂದಿಯ ಲೆಕ್ಕವೇ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ದಮನಿನ 6,033 ಎಂಬುದು ಊರಿನ 8,230 ಜನಸಂಖ್ಯೆಯಿಂದ ಲಸಿಕೆ ಪಡೆದವರನ್ನು ಕಳೆದು ಬಂದ ಶೇಷ. ಪ್ಲೇಗು ಬಂದ ಊರಿನಲ್ಲಿ ಜನ ನಿಲ್ಲುವುದಿಲ್ಲ. ಭಾಗಿಸುವ ಸಂಖ್ಯೆಯೇ ಅಸ್ಥಿರವಾದರೆ ಶೇಕಡ ಪ್ರಮಾಣವನ್ನು ದಶಮಾಂಶದವರೆಗೆ ಬರೆದು ಪ್ರಯೋಜನವೇನು?

ಹುಬ್ಬಳ್ಳಿಯಲ್ಲಿ ನಡೆದುದು ನಮಗೆ ಇನ್ನೂ ಹತ್ತಿರವಾದುದು. 1898ರಲ್ಲಿ ಆ ಊರಿನ ಮೇಲೆ ಪ್ಲೇಗು ಎರಗಿತು. ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ಸಾವಿರಾರು ಜನಕ್ಕೆ ಲಸಿಕೆ ಹಾಕಿದರು. ಆ ಆಗಸ್ಟಿನಲ್ಲಿಯೇ ರೋಗವು ಬೆಂಗಳೂರನ್ನೂ ಸೇರಿತು. ಹುಬ್ಬಳ್ಳಿಯ ಲೆಕ್ಕದ ವಿಶೇಷವೆಂದರೆ ಅದನ್ನು ವಾರವಾರಕ್ಕೂ ಇಟ್ಟದ್ದು. ಲಸಿಕೆ ಪಡೆದವರ ಅಂಕಣವು ವಾರವಾರಕ್ಕೂ ಬೆಳೆಯುತ್ತ, ಪಡೆಯದವರ ಅಂಕಣವು ಸವೆಯುತ್ತ ಹೋಗುವುದು. ಹೋದ ವಾರ ಒಂದು ಅಂಕಣದಲ್ಲಿದ್ದವನು ಈ ವಾರ ಇನ್ನೊಂದರಲ್ಲಿದ್ದಾನೆ. ಆದುದರಿಂದ ಸಾವುಗಳನ್ನು ಮಾತ್ರವಲ್ಲದೆ, ಆ ವಾರದಲ್ಲಿ ಯಾವ ಅಂಕಣದಲ್ಲಿ ಎಷ್ಟು ಮಂದಿ ಬದುಕಿದ್ದರೆಂಬುದನ್ನೂ ಪ್ರತಿಸಲವೂ ಹೊಸದಾಗಿ ಗೊತ್ತುಮಾಡಬೇಕು. ಇಸ್ರೇಲಿನವರು 2021ರಲ್ಲಿ ಗಣಕಯಂತ್ರಗಳಿಂದ ಮಾಡಿದುದನ್ನು ಹುಬ್ಬಳ್ಳಿಯ ಗುಮಾಸ್ತರು ಕಾಗದದ ಮೇಲೆ ಮಾಡುತ್ತಿದ್ದರು. ಇಂಥ ಲೆಕ್ಕಗಳನ್ನು ತೂಗಿನೋಡುವ ನಿಯಮಗಳನ್ನು 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬ ಇಬ್ಬರು ಗಣಿತಜ್ಞರು ಬರೆದಿಟ್ಟರು. ಎರಡು ಗುಂಪಿನವರೂ ಮುಖ್ಯವಾದ ಎಲ್ಲ ವಿಷಯಗಳಲ್ಲಿಯೂ ಸಮಾನರಾಗಿರಬೇಕು. ಇಬ್ಬರಿಗೂ ಅಪಾಯವು ಸಮನಾಗಿ ಒದಗಿರಬೇಕು. ಲಸಿಕೆ ಆಗಿದೆಯೆ ಎಂಬ ನಿರ್ಣಯವೂ ರೋಗ ಬಂದಿದೆಯೆ ಎಂಬ ನಿರ್ಣಯವೂ ಒಂದನ್ನೊಂದು ಅವಲಂಬಿಸಿರಬಾರದು. ನೂರಕ್ಕಿಂತ ಹೆಚ್ಚು ವರುಷಗಳಾದರೂ ಈ ನಿಯಮಗಳಲ್ಲಿ ಬಿಡಬೇಕಾದುದು ಒಂದೂ ಇಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಫೈಜರ್ ಲಸಿಕೆಯ ಪ್ರಯೋಗದಲ್ಲಿ 43,000ಕ್ಕೂ ಹೆಚ್ಚು ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಲಸಿಕೆಯನ್ನೂ ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಕೊಟ್ಟಿದ್ದರು. ಎರಡನೆಯ ಚುಚ್ಚುಮದ್ದಾಗಿ ಏಳು ದಿನಗಳಾದ ಮೇಲೆ ಲಸಿಕೆಯ ಗುಂಪಿನಲ್ಲಿ 8 ಮಂದಿಗೂ ಇನ್ನೊಂದರಲ್ಲಿ 162 ಮಂದಿಗೂ ರೋಗ ಬಂತು. ಶೇಕಡ 95 ಎಂದು ಆಗ ಎಲ್ಲರ ಬಾಯಲ್ಲಿದ್ದ ಮಾತು ಇದರಿಂದ ಬಂದುದು. ಆದರೆ ಎಣಿಕೆಯನ್ನು ಓದುವವನಿಗೆ ಅದಕ್ಕಿಂತ ಉಪಯುಕ್ತವಾದ ಸಂಗತಿ ಆ ಪ್ರಬಂಧದ ನಕ್ಷೆಯಲ್ಲಿತ್ತು. ಮೊದಲ ಚುಚ್ಚುಮದ್ದಿನ ದಿನದಿಂದ ಸುಮಾರು ಹನ್ನೆರಡು ದಿನಗಳವರೆಗೆ ಎರಡು ಗುಂಪುಗಳ ರೇಖೆಗಳೂ ಒಂದರ ಮೇಲೊಂದು ಕೂಡಿಕೊಂಡೇ ಹೋಗುತ್ತವೆ. ಆಮೇಲೆ ಒಂದು ಬಹುಮಟ್ಟಿಗೆ ಮಲಗುತ್ತದೆ, ಇನ್ನೊಂದು ಮೊದಲಿನಂತೆಯೇ ಏರುತ್ತದೆ. ಎಂದರೆ ಲಸಿಕೆಯಾದ ದಿನವೇ ರಕ್ಷಣೆ ದೊರೆಯುವುದಿಲ್ಲ. ಸೋಂಕು ತಗುಲಿ ಲಕ್ಷಣಗಳು ತೋರುವುದಕ್ಕೆ ಸುಮಾರು ಐದು ದಿನ, ಪರೀಕ್ಷೆಯಾಗಿ ಪಟ್ಟಿಗೆ ಹತ್ತುವುದಕ್ಕೆ ಇನ್ನು ಕೆಲವು ದಿನ, ರೋಗ ಬಲಿತು ಸಾವಾಗುವುದಕ್ಕೆ ಮತ್ತೆ ಎರಡು ಮೂರು ವಾರ. ಇವನ್ನೆಲ್ಲ ಕೂಡಿಸಿದರೆ ಇಂದಿನ ಲಸಿಕೆಯ ಫಲವು ರೋಗಿಗಳ ಎಣಿಕೆಯಲ್ಲಿ ಕಾಣಬೇಕಾದರೆ ಸುಮಾರು ಮೂರು ವಾರವೂ, ಸಾವುಗಳ ಎಣಿಕೆಯಲ್ಲಿ ಕಾಣಬೇಕಾದರೆ ಒಂದು ತಿಂಗಳಿಗಿಂತ ಹೆಚ್ಚೂ ಹಿಡಿಯುವುದು. ಬಿತ್ತಿದ ವಾರದಲ್ಲಿಯೇ ಕೊಯ್ಲಿನ ಲೆಕ್ಕ ಕೇಳುವವರು ಆ ಚಳಿಗಾಲದಲ್ಲಿ ಬಹುಮಂದಿ ಇದ್ದರು.

ಎಲ್ಲ ದೇಶಗಳಿಗಿಂತ ಮುಂಚೆ ಈ ಪ್ರಶ್ನೆಗೆ ಉತ್ತರ ದೊರೆತುದು ಇಸ್ರೇಲಿನಲ್ಲಿ. ಆಗ ಅಲ್ಲಿನ ಜನಸಂಖ್ಯೆ ಸುಮಾರು 93 ಲಕ್ಷ. ನಿವಾಸಿಗಳೆಲ್ಲರೂ ನಾಲ್ಕು ಆರೋಗ್ಯನಿಧಿಗಳಲ್ಲಿ ಒಂದಕ್ಕೆ ಸೇರಿರುವರು. ಪ್ರತಿಯೊಬ್ಬರ ವೈದ್ಯಚರಿತ್ರೆಯೂ ಗಣಕಯಂತ್ರದಲ್ಲಿರುವುದು. 2020ನೆಯ ಡಿಸೆಂಬರ್ 20ರಿಂದ ಲಸಿಕೆ ಹಾಕತೊಡಗಿ, ಆರೋಗ್ಯಸೇವಕರಿಗೂ ಅರುವತ್ತು ವರುಷ ದಾಟಿದವರಿಗೂ ಮೊದಲು ಕೊಟ್ಟರು; ಎರಡನೆಯ ಡೋಸು 21 ದಿನಗಳಾದ ಮೇಲೆ. ಫೆಬ್ರವರಿ ಮುಗಿಯುವ ವೇಳೆಗೆ ದೇಶದ ಅರ್ಧದಷ್ಟು ಜನಕ್ಕೆ ಮೊದಲನೆಯ ಡೋಸಾದರೂ ಆಗಿತ್ತು.

ಆದರೆ ಅದೇ ವಾರಗಳಲ್ಲಿ ಬೇರೆ ಎರಡು ಸಂಗತಿಗಳೂ ನಡೆದುವು. ಡಿಸೆಂಬರ್ 27ರಂದು ಮೂರನೆಯ ಲಾಕ್‌ಡೌನ್ ಆರಂಭವಾಗಿ ಜನವರಿ 8ರಿಂದ ಬಿಗಿಯಾಯಿತು. ಇಂಗ್ಲೆಂಡಿನಲ್ಲಿ ಮೊದಲು ಗುರುತಿಸಿದ, ಹೆಚ್ಚು ವೇಗವಾಗಿ ಹರಡುವ ಆಲ್ಫಾ ಎಂಬ ವೈರಸ್ ರೂಪಾಂತರವೂ ಅಲ್ಲಿ ಹಬ್ಬಿತು. ಲಸಿಕೆ ಸಂಖ್ಯೆಯನ್ನು ಕೆಳಕ್ಕೆ ಎಳೆಯುವುದು, ಲಾಕ್‌ಡೌನ್ ಕೆಳಕ್ಕೆ ಎಳೆಯುವುದು, ಆಲ್ಫಾ ಮೇಲಕ್ಕೆ ತಳ್ಳುವುದು. ಜನವರಿ ನಡುವಿನಲ್ಲಿ ದಿನಕ್ಕೆ 8,000ಕ್ಕಿಂತ ಹೆಚ್ಚು ರೋಗಿಗಳಿದ್ದು ಆಮೇಲೆ ಇಳಿಯತೊಡಗಿತು. ಆದರೆ ಇಳಿತವು ಬಹಳ ನಿಧಾನ. ದೇಶದ ಮೊತ್ತವನ್ನು ಮಾತ್ರ ನೋಡಿದವರಿಗೆ, ಇಷ್ಟು ಮಂದಿಗೆ ಲಸಿಕೆ ಆದರೂ ಫಲವೆಲ್ಲಿ ಎಂಬ ಅನುಮಾನ ಹುಟ್ಟಿದುದು ಸಹಜವೇ ಆಗಿತ್ತು.

ವೈಜ್‌ಮನ್ ವಿಜ್ಞಾನ ಸಂಸ್ಥೆಯ ಹಗೈ ರಾಸ್ಮನ್, ಎರನ್ ಸೆಗಲ್ ಮೊದಲಾದವರು ಈ ಮೊತ್ತವನ್ನು ವಯಸ್ಸಿನ ಪ್ರಕಾರ ಒಡೆದು ನೋಡಿದರು. ಅವರ ತರ್ಕವು ಸರಳವಾದುದು. ಲಾಕ್‌ಡೌನ್ ಎಲ್ಲ ವಯಸ್ಸಿನವರಿಗೂ ಒಂದೇ; ಲಸಿಕೆಯಾದರೋ ಮೊದಲು ವೃದ್ಧರಿಗೆ. ಲಾಕ್‌ಡೌನಿನಿಂದಲೇ ರೋಗ ಇಳಿದಿದ್ದರೆ ಎರಡು ವಯೋವರ್ಗಗಳೂ ಜೊತೆಯಲ್ಲಿ ಇಳಿಯಬೇಕು. ಹಾಗಾಗಲಿಲ್ಲ. ಅರುವತ್ತು ದಾಟಿದವರ ರೇಖೆಯು ಮೊದಲು ಬಾಗಿ ಬೇಗನೆ ಇಳಿಯಿತು, ಎಳೆಯರದು ಹಿಂದೆ ಉಳಿಯಿತು. ಮೊತ್ತದಲ್ಲಿ ಇಳಿತವು ಮಂದವಾಗಿ ತೋರಿದುದು ಇದರಿಂದಲೇ. ಫೆಬ್ರವರಿ 24ರ ಹೊತ್ತಿಗೆ, ಅರುವತ್ತು ದಾಟಿದವರಲ್ಲಿ ರೋಗಿಗಳ ಸಂಖ್ಯೆಯು ಶಿಖರದಲ್ಲಿದ್ದುದಕ್ಕಿಂತ ಶೇಕಡ 77ರಷ್ಟೂ, ಆಸ್ಪತ್ರೆಗೆ ಸೇರುವವರ ಸಂಖ್ಯೆಯು 68ರಷ್ಟೂ ಕಡಮೆಯಾಗಿತ್ತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ವೃದ್ಧರು ಹೆದರಿ ಮನೆಯಲ್ಲಿಯೇ ಕುಳಿತಿರಬಹುದು, ಎಳೆಯರು ಕಟ್ಟಳೆಯನ್ನು ಮೀರಿರಬಹುದು. ಹಾಗಿದ್ದರೆ ರೇಖೆಗಳು ಅಗಲುವುದಕ್ಕೆ ಲಸಿಕೆಯು ಬೇಕಿಲ್ಲ. ಇದಕ್ಕೆ ಸಮಾಧಾನವನ್ನು ಅವರು ಹಿಂದಿನ ಲಾಕ್‌ಡೌನಿನಲ್ಲಿ ಹುಡುಕಿದರು. 2020ನೆಯ ಸೆಪ್ಟೆಂಬರ್ 18ರಿಂದ ನಡೆದ ಎರಡನೆಯ ಲಾಕ್‌ಡೌನಿನಲ್ಲಿ ಲಸಿಕೆ ಇರಲಿಲ್ಲ; ವೃದ್ಧರ ಸ್ವಭಾವವು ಆಗಲೂ ಇದೇ ಆಗಿತ್ತು. ಆ ಕಾಲದ ಲೆಕ್ಕದಲ್ಲಿ ಇಂಥ ಅಂತರವು ಕಾಣಲಿಲ್ಲ. ಅದೂ ಸಾಲದೆಂದು, ಬೇಗ ಲಸಿಕೆ ಹಾಕಿಸಿಕೊಂಡ ಊರುಗಳನ್ನು ತಡವಾಗಿ ಹಾಕಿಸಿಕೊಂಡ ಊರುಗಳ ಪಕ್ಕದಲ್ಲಿಟ್ಟರು. ಬೇಗ ಹಾಕಿಸಿಕೊಂಡ ಊರುಗಳ ವೃದ್ಧರಲ್ಲಿ ಇಳಿತವೂ ಮುಂಚೆ ಬಂದು ಹೆಚ್ಚಾಗಿತ್ತು. ಒಂದು ಪಾಠವನ್ನು ಒಪ್ಪಬೇಕಾದರೆ ಬೇರೆ ಬೇರೆ ಪರಂಪರೆಯ ಪ್ರತಿಗಳು ಅದನ್ನೇ ಹೇಳಬೇಕೆಂದು ಗ್ರಂಥಸಂಪಾದಕರು ಕೇಳುವಂತೆ, ಇವರು ವಯಸ್ಸು, ಕಾಲ, ಸ್ಥಳ ಎಂಬ ಮೂರು ಕಡೆಗಳಿಂದ ಒಂದೇ ಸಾಕ್ಷ್ಯವನ್ನು ತಂದರು. ಒಂದೊಂದನ್ನೂ ಬಿಡಿಯಾಗಿ ಅಲ್ಲಗಳೆಯಬಹುದು. ಮೂರನ್ನೂ ಒಟ್ಟಿಗೆ ಅಲ್ಲಗಳೆಯುವುದಕ್ಕೆ ಬಹಳ ಕಲ್ಪನೆ ಬೇಕು.

ಅದೇ ಸಮಯದಲ್ಲಿ ಕ್ಲಾಲಿಟ್ ಎಂಬ, ಆ ನಾಲ್ಕರಲ್ಲಿ ದೊಡ್ಡದಾದ ಆರೋಗ್ಯನಿಧಿಯವರು ಇನ್ನೊಂದು ದಾರಿಯನ್ನು ಹಿಡಿದರು. ಅವರು ಮೊತ್ತಗಳನ್ನು ಬಿಟ್ಟು ಜೋಡಿಗಳನ್ನು ಕಟ್ಟಿದರು. ಲಸಿಕೆ ಪಡೆದ ಒಬ್ಬನಿಗೆ, ಅದೇ ವಯಸ್ಸಿನ, ಅದೇ ಲಿಂಗದ, ಅದೇ ಸಮುದಾಯದ, ಅದೇ ನೆರೆಹೊರೆಯ, ಅದೇ ಮಟ್ಟದ ಕಾಯಿಲೆಗಳುಳ್ಳ, ಆ ದಿನದವರೆಗೆ ಲಸಿಕೆ ಪಡೆಯದ ಇನ್ನೊಬ್ಬನನ್ನು ಜೊತೆಮಾಡಿದರು. ಹಿಂದಿನ ಐದು ವರುಷಗಳಲ್ಲಿ ಫ್ಲೂ ಲಸಿಕೆಯನ್ನು ಎಷ್ಟು ಸಲ ಹಾಕಿಸಿಕೊಂಡಿದ್ದರೆಂಬುದನ್ನು ಕೂಡ ಹೊಂದಿಸಿದರು. ತನ್ನ ಆರೋಗ್ಯದ ವಿಷಯದಲ್ಲಿ ಎಚ್ಚರಿಕೆಯಿಂದಿರುವವನು ಎಲ್ಲ ಕಡೆಯಲ್ಲಿಯೂ ಎಚ್ಚರಿಕೆಯಿಂದಿರುವನಷ್ಟೆ. ಹೀಗೆ ಒಂದೊಂದು ಗುಂಪಿನಲ್ಲಿ 5,96,618 ಮಂದಿಯಾದರು. ಜೋಡಿಯ ಎರಡನೆಯವನು ತಾನೂ ಲಸಿಕೆ ಪಡೆದರೆ ಆ ದಿನಕ್ಕೆ ಜೋಡಿಯ ಲೆಕ್ಕವನ್ನು ನಿಲ್ಲಿಸುವರು. ಹುಬ್ಬಳ್ಳಿಯ ಅಂಕಣಗಳ ತೊಡಕಿಗೆ ಇದೇ ಪರಿಹಾರ. 2021ನೆಯ ಫೆಬ್ರವರಿ 24ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡನೆಯ ಡೋಸಾಗಿ ಒಂದು ವಾರವಾದ ಮೇಲೆ ಲಕ್ಷಣಸಹಿತವಾದ ರೋಗವು ಶೇಕಡ 94ರಷ್ಟೂ, ತೀವ್ರವಾದ ರೋಗವು 92ರಷ್ಟೂ ಕಡಮೆಯಾಗಿತ್ತು.

ಈ ಅಧ್ಯಯನದಲ್ಲಿ ನನಗೆ ಬಹಳ ಮೆಚ್ಚಿಗೆಯಾದುದು ಈ ದೊಡ್ಡ ಸಂಖ್ಯೆಗಳಲ್ಲ. ಮೊದಲ ಸುಮಾರು ಹನ್ನೆರಡು ದಿನಗಳಲ್ಲಿ ಎರಡು ಗುಂಪುಗಳ ರೇಖೆಗಳೂ ಕೂಡಿಕೊಂಡೇ ಹೋದುವು. ಲಸಿಕೆಯು ಇನ್ನೂ ಕೆಲಸ ಮಾಡದಿರುವ ದಿನಗಳಲ್ಲಿ ವ್ಯತ್ಯಾಸ ಕಂಡಿದ್ದರೆ, ಆ ಎರಡು ಗುಂಪುಗಳು ಮೊದಲಿನಿಂದಲೇ ಅಸಮವಾಗಿದ್ದುವೆಂದು ಅರ್ಥವಾಗುತ್ತಿತ್ತು. ಏನೂ ಕಾಣಬಾರದ ಕಡೆಯಲ್ಲಿ ಏನೂ ಕಾಣದಿದ್ದುದೇ ಅವರ ಜೋಡಣೆಗೆ ಪ್ರಮಾಣಪತ್ರವಾಯಿತು.

ಇಸ್ರೇಲಿನಂತೆಯೇ ಎಲ್ಲ ಕಡೆಯೂ ಆಗಲಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 2021ನೆಯ ಮಾರ್ಚಿ ಕೊನೆಗೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನಕ್ಕೆ ಮೊದಲನೆಯ ಡೋಸು ಆಗಿತ್ತು. ಆದರೂ ರೋಗವು ಏರುತ್ತಲೇ ಇದ್ದು ರಾಜಧಾನಿಯನ್ನು ಮತ್ತೆ ಮುಚ್ಚಬೇಕಾಯಿತು. ಅಲ್ಲಿ ಹೆಚ್ಚಾಗಿ ಬಳಸಿದುದು ಚೀನದ ಕೊರೊನಾವ್ಯಾಕ್ ಲಸಿಕೆ. ಸುಮಾರು ಒಂದು ಕೋಟಿ ಜನರನ್ನು ಅನುಸರಿಸಿ ಮಾಡಿದ ಅಧ್ಯಯನವು ಜುಲೈಯಲ್ಲಿ ಪ್ರಕಟವಾದಾಗ, ಎರಡು ಡೋಸುಗಳಾದವರಲ್ಲಿ ರೋಗವು ಶೇಕಡ 65.9ರಷ್ಟೂ ಸಾವು 86.3ರಷ್ಟೂ ಕಡಮೆಯಾದುದು ತಿಳಿಯಿತು. ಒಂದೇ ಡೋಸಿನ ಪ್ರಯೋಜನವು ಬಹಳ ಅಲ್ಪವಾಗಿತ್ತು. ಲಸಿಕೆಯು ವ್ಯರ್ಥವಾಗಿರಲಿಲ್ಲ. ಅರ್ಧ ದಾರಿಯಲ್ಲಿದ್ದವರನ್ನು ಊರು ಸೇರಿದವರೆಂದು ಎಣಿಸಿದ್ದರು, ಅಷ್ಟೆ.

ಭಾರತದಲ್ಲಿ 2021ನೆಯ ಜನವರಿ 16ರಂದು ಲಸಿಕೆ ಪ್ರಾರಂಭವಾಯಿತು. ಫೆಬ್ರವರಿ ನಡುವಿನಲ್ಲಿ ದಿನದ ರೋಗಿಗಳು ಹನ್ನೊಂದು ಸಾವಿರದ ಸುಮಾರಿಗೆ ಇಳಿದಿದ್ದರು. ಆ ಇಳಿತದಲ್ಲಿ ಲಸಿಕೆಗೆ ಪಾಲಿರಲಿಲ್ಲ. ಆಗ ಅದು ದೊರೆತಿದ್ದುದು ಬಹುಮಟ್ಟಿಗೆ ಆರೋಗ್ಯಸೇವಕರಿಗೂ ಮುಂಚೂಣಿಯ ನೌಕರರಿಗೂ ಮಾತ್ರ. ಪಿಡುಗು ತಾನೇ ಮುಗಿಯಿತೆಂದು ಹೇಳುವುದಕ್ಕೂ ಆಧಾರವಿರಲಿಲ್ಲ. ಡಿಸೆಂಬರ್ ಮತ್ತು ಜನವರಿಯಲ್ಲಿ ನಡೆದ ರಾಷ್ಟ್ರೀಯ ರಕ್ತಸಮೀಕ್ಷೆಯು, ಅಲ್ಲಿಯವರೆಗೆ ಸೋಂಕು ತಗುಲಿದವರು ನೂರಕ್ಕೆ ಸುಮಾರು 21 ಮಂದಿ ಮಾತ್ರವೆಂದು ತೋರಿಸಿತ್ತು. ಉಳಿದ ಎಪ್ಪತ್ತೊಂಬತ್ತು ಮಂದಿ ರೋಗಕ್ಕೆ ತೆರೆದೇ ಇದ್ದರು. ಇಳಿಜಾರನ್ನು ನೋಡಿದವರು ಆ ಎಪ್ಪತ್ತೊಂಬತ್ತನ್ನು ನೋಡಲಿಲ್ಲ. ಮೇ ಮೊದಲ ವಾರದಲ್ಲಿ ದೇಶದ ದಿನದ ಲೆಕ್ಕ ನಾಲ್ಕು ಲಕ್ಷವನ್ನು ದಾಟಿತು. ಮೇ 5ರಂದು ಕರ್ನಾಟಕದಲ್ಲಿಯೇ ಐವತ್ತು ಸಾವಿರ. ಆ ದಿನಗಳಲ್ಲಿ ಎರಡೂ ಡೋಸು ಪಡೆದವರು ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಮೂವರೂ ಇರಲಿಲ್ಲ. ಲಸಿಕೆ ಬಂದಮೇಲೆಯೇ ರೋಗ ಹೆಚ್ಚಿತೆಂದು ಹಲವರು ಆಡಿಕೊಂಡರು. ಕೊಂಬೆಯನ್ನು ಮುರಿದುದು ಡೆಲ್ಟಾ ರೂಪಾಂತರವೂ ತೆರೆದ ಸಂತೆಜಾತ್ರೆಗಳೂ. ಕಾಗೆಯು ಆಗತಾನೆ ಬಂದು ಕುಳಿತಿತ್ತು.

ಕೊನೆಯದಾಗಿ, ಎಣಿಕೆಯ ಬಲೆಗಳಲ್ಲಿ ಬಹಳ ಸೂಕ್ಷ್ಮವಾದುದನ್ನು ಹೇಳಬೇಕಾಗಿದೆ. 2021ನೆಯ ಆಗಸ್ಟ್ ನಡುವಿನಲ್ಲಿ ಇಸ್ರೇಲಿನಲ್ಲಿ ತೀವ್ರವಾಗಿ ರೋಗಪೀಡಿತರಾಗಿದ್ದ 515 ಮಂದಿಯಲ್ಲಿ 301 ಮಂದಿ ಎರಡೂ ಡೋಸು ಪಡೆದವರು, 214 ಮಂದಿ ಪಡೆಯದವರು. ಇದನ್ನು ಓದಿದವರು ಲಸಿಕೆಯು ಸೋತಿತೆಂದರು. ಆದರೆ ಲಸಿಕೆಗೆ ಅರ್ಹರಾದವರಲ್ಲಿ ಪಡೆದವರು 56 ಲಕ್ಷ, ಪಡೆಯದವರು 13 ಲಕ್ಷ. ಲಕ್ಷಕ್ಕೆ ಇಷ್ಟು ಎಂದು ಲೆಕ್ಕಹಾಕಿದರೆ ಪಡೆದವರಲ್ಲಿ 5.3, ಪಡೆಯದವರಲ್ಲಿ 16.4. ಲಸಿಕೆಯು ತಡೆದುದು ಶೇಕಡ 67.5 ಎಂದಾಯಿತು. ಹಾಗಾದರೂ ತೊಂಬತ್ತಕ್ಕೆ ಮೇಲಿದ್ದುದು ಅರುವತ್ತೇಳಕ್ಕೆ ಇಳಿಯಿತಲ್ಲ ಎನ್ನಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಜೆಫ್ರಿ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ವಯಸ್ಸಿನ ಪ್ರಕಾರ ಎರಡಾಗಿ ಒಡೆದರು. ಐವತ್ತಕ್ಕಿಂತ ಕೆಳಗಿನವರಲ್ಲಿ ಲಕ್ಷಕ್ಕೆ 0.3 ಮತ್ತು 3.9, ರಕ್ಷಣೆ ಶೇಕಡ 91.8. ಐವತ್ತು ದಾಟಿದವರಲ್ಲಿ 13.6 ಮತ್ತು 91.9, ರಕ್ಷಣೆ 85.2. ಎರಡು ಭಾಗಗಳಲ್ಲಿಯೂ ಎಂಬತ್ತೈದಕ್ಕೆ ಕಡಮೆಯಿಲ್ಲ, ಕೂಡಿಸಿದರೆ ಅರುವತ್ತೇಳು! ಇದು ಜಾದುವಲ್ಲ. ವೃದ್ಧರಿಗೆ ರೋಗವು ಹತ್ತಾರುಪಟ್ಟು ತೀವ್ರವಾಗಿ ಬರುವುದು. ಆ ವೃದ್ಧರೇ ಬಹುಮಟ್ಟಿಗೆ ಲಸಿಕೆ ಪಡೆದ ಕಡೆಯಲ್ಲಿದ್ದರು. ಪಡೆಯದವರಲ್ಲಿ ಏಳರಲ್ಲಿ ಆರು ಮಂದಿ ಎಳೆಯರು. ಒಟ್ಟುಗೂಡಿಸಿದಾಗ ನಾವು ಹೋಲಿಸುವುದು ಲಸಿಕೆಯುಳ್ಳವರನ್ನೂ ಇಲ್ಲದವರನ್ನೂ ಅಲ್ಲ, ಮುದುಕರ ಪಾಲು ಹೆಚ್ಚಾಗಿರುವ ಗುಂಪನ್ನೂ ಬಹುಪಾಲು ಎಳೆಯರಿರುವ ಗುಂಪನ್ನೂ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸವೆಂದು ಹೆಸರು. ನಮ್ಮ ಅಲಂಕಾರಶಾಸ್ತ್ರದ ವಿರೋಧಾಭಾಸದಲ್ಲಿರುವಂತೆ ಇಲ್ಲಿಯೂ ಪದವನ್ನು ಬಿಡಿಸಿದರೆ ವಿರೋಧವು ಪರಿಹಾರವಾಗುವುದು.

2022ನೆಯ ಇಸವಿಯಿಂದ ಈಚೆಗೆ ಇಂಥ ವಿವೇಚನೆಗೆ ಸಾಮಗ್ರಿಯೇ ವಿರಳವಾಯಿತು. ಓಮಿಕ್ರಾನ್ ರೂಪಾಂತರವು ಬಂದಮೇಲೆ ಅನೇಕ ದೇಶಗಳಲ್ಲಿ ಜನರು ಮನೆಯಲ್ಲಿಯೇ ಪರೀಕ್ಷಿಸಿಕೊಂಡು ಯಾರಿಗೂ ಹೇಳದೆ ಗುಣಹೊಂದತೊಡಗಿದರು. ಇಂಗ್ಲೆಂಡಿನಲ್ಲಿ ಆ ವರುಷ ಏಪ್ರಿಲ್ 1ರಿಂದ ಬಹುಮಂದಿಗೆ ಉಚಿತ ಪರೀಕ್ಷೆಯನ್ನು ನಿಲ್ಲಿಸಿದರು. ಮನೆಗಳನ್ನು ಯಾದೃಚ್ಛಿಕವಾಗಿ ಆರಿಸಿ ನಡೆಸುತ್ತಿದ್ದ ಅಲ್ಲಿನ ಸಮೀಕ್ಷೆಯು 2023ನೆಯ ಮಾರ್ಚಿಯಲ್ಲಿ ನಿಂತಿತು. ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯವರು ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿದರು. ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಚರಂಡಿಯ ನೀರಿನಲ್ಲಿರುವ ವೈರಸ್ಸಿನ ಅಂಶವನ್ನು ಅಳೆದು ಏರಿಳಿತವನ್ನು ಕಂಡುಕೊಳ್ಳುವ ಕ್ರಮವು ಬಳಕೆಗೆ ಬಂದಿತು. ಪರೀಕ್ಷೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬ ಹಳೆಯ ತೊಡಕು ಅದರಲ್ಲಿಲ್ಲ. ಆದರೆ ಆ ನೀರಿನಲ್ಲಿ ವಯಸ್ಸಿಲ್ಲ, ಹೆಸರಿಲ್ಲ, ಲಸಿಕೆ ಪಡೆದವನ ಅಂಕಣವೂ ಪಡೆಯದವನ ಅಂಕಣವೂ ಇಲ್ಲ. ಹುಬ್ಬಳ್ಳಿಯ ಗುಮಾಸ್ತನು ಕೇಳಿದ ಪ್ರಶ್ನೆಯನ್ನು ಅದಕ್ಕೆ ಕೇಳಲಾಗುವುದಿಲ್ಲ.